ನಾಲ್ಕು ಸಲ ತೇಯ್ದ ಹಲ್ಲು ಸೆಟ್

ಮಾರ್ಚ್ 4, ಸಂಜೆ 6

ದಂತ ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದ ರೋಗಿ, ಆ ಅಜ್ಜಿ, ಮತ್ತೆ ಬಂದಿದ್ದರು. ಹಲ್ಲು ಸೆಟ್ ಕೊಟ್ಟು ಹದಿನೈದು ದಿನ. ಇದು ಮೂರನೆಯ ದೂರು.

"ಬಾಯೆಲ್ಲ ಉರಿ ಮಗಳೇ. ನೀರು ಕುಡಿದ್ರೂ ಮೆಣಸಿನಕಾಯಿ ಅಗಿದ ಹಾಗೆ."

ಸೆಟ್ಟಿನ ಅಂಚನ್ನು ಇನ್ನೊಮ್ಮೆ ತೇಯ್ದು, ನಯಗೊಳಿಸಿ ಕಳುಹಿಸಿದೆ. ರೋಗಿ "ಆರಾಮ" ಎನ್ನದೆ ಪ್ರೊಫೆಸರ್ ಸಹಿ ಹಾಕುವುದಿಲ್ಲ. ಆ ಸಹಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ತರಗತಿಗೇ ಮೊದಲಿಗಳಾದ ನಾನು, ಒಂದು ಬೊಚ್ಚು ಬಾಯಿಯ ಮುಂದೆ ಹೀಗೆ...

ಮಾರ್ಚ್ 7

ಸೆಮಿನಾರ್ ನನ್ನದು: ರಕ್ತಹೀನತೆ — ವಿಧಗಳು, ಕಾರಣಗಳು. ಪಟ್ಟಿ ಸಿದ್ಧ. ಕಬ್ಬಿಣದ ಕೊರತೆ: ರಕ್ತಸ್ರಾವ, ಅರೆಹೊಟ್ಟೆ, ಬಾಯಿಯ ಮೂಲೆಗಳಲ್ಲಿ ಬಿರುಕು. ಬಿ-12 ಕೊರತೆ: ಹೊಟ್ಟೆ ಹೀರಿಕೊಳ್ಳದಿರುವುದು, ವರ್ಷಗಟ್ಟಲೆ ನುಂಗಿದ ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳು, ನುಣುಪಾದ ಕೆಂಪು ನಾಲಿಗೆ. ಇನ್ನುಳಿದವು — ರಕ್ತಕಣಗಳೇ ಬೇಗ ಒಡೆಯುವುದು, ಮೂಳೆಯ ಮಜ್ಜೆಯೇ ಕೈಚೆಲ್ಲುವುದು.

"ನಿಂಗೇನಮ್ಮ, ನಿದ್ದೆಯಲ್ಲಿ ಎಬ್ಬಿಸಿದ್ರೂ ಹೇಳ್ತೀಯ" ಎಂದಳು ರೂಮ್‌ಮೇಟ್. ನಿಜವೇ.

ಮಾರ್ಚ್ 8, ಮಧ್ಯಾಹ್ನ

ಅಜ್ಜಿಯದು ಅದೇ ಉರಿ, ನಾಲ್ಕನೆಯ ಸಲ. ಸೆಟ್ ತಯಾರಿಸಿಕೊಟ್ಟ ಲ್ಯಾಬಿನ ಅಣ್ಣ ಅದನ್ನು ಬೆಳಕಿಗೆ ಹಿಡಿದರು.

"ಡಾಕ್ಟರಮ್ಮ, ಇದೇನು ಹಲ್ಲು ಸೆಟ್ಟೋ, ಈರುಳ್ಳಿ ಸಿಪ್ಪೆಯೋ?"

"ಉರಿ ಹೋಗ್ತಿಲ್ಲ ಅಣ್ಣ. ಸೆಟ್ಟೇ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಸೆಟ್ ತೆಗೆದಿಟ್ಟಾಗ್ಲೂ ಉರಿಯುತ್ತಾ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಸೆಟ್ ಕಸಿದುಕೊಂಡು ಅವರೆದುರೇ ತೇಯ್ದೆ. ಇವರಿಂದ ನಾನು ಪಾಠ ಹೇಳಿಸಿಕೊಳ್ಳಬೇಕೆ?

ಮಾರ್ಚ್ 11

ಸೆಮಿನಾರ್ ಮುಗಿಯಿತು. ಚಪ್ಪಾಳೆ. ಕೊನೆಗೆ ಪ್ರೊಫೆಸರ್, ಸ್ಲೈಡಿನ ಕೆಂಪು ನಾಲಿಗೆ ತೋರಿಸಿ: "ಚೆನ್ನಾಗಿತ್ತಮ್ಮ. ಇಂಥ ನಾಲಿಗೆ ಎಷ್ಟು ನೋಡಿದ್ದೀಯ?"

ಒಂದೂ ಇಲ್ಲ ಎಂದೆ. ಹೊರಗೆ ಬೆಂಚಿನ ಮೇಲೆ ಅಜ್ಜಿ. ಲ್ಯಾಬಿನ ಅಣ್ಣನ ಪ್ರಶ್ನೆಯನ್ನೇ ಕೇಳಿದೆ, ಒಲ್ಲದ ಮನಸ್ಸಿನಿಂದ.

"ಸೆಟ್ ಬರೋಕೆ ಮುಂಚೆಯಿಂದ್ಲೂ ಉರಿ ಇತ್ತಲ್ಲ! ನೀನು ಹಲ್ಲಿನದಷ್ಟೇ ಕೇಳ್ದೆ."

ಸಕ್ಕರೆ ಕಾಯಿಲೆಯ ಮಾತ್ರೆ ಹನ್ನೆರಡು ವರ್ಷದಿಂದ. ಪಾದಗಳು ಜುಮ್ಮೆನ್ನುತ್ತವೆಯಂತೆ. ನಾಲಿಗೆ ಚಾಚಿಸಿದೆ. ಕೆಂಪು, ಗಾಜಿನಂಥ ನುಣುಪು — ನನ್ನ ಸ್ಲೈಡಿನ ಚಿತ್ರವೇ. ಎರಡು ತಿಂಗಳು ಅದನ್ನು, ಬಾಯೊಳಗೆ ಹಾಕಿ ನೋಡುವ ಪುಟ್ಟ ಕನ್ನಡಿಯಿಂದ ಪಕ್ಕಕ್ಕೆ ಒತ್ತಿ ಒತ್ತಿ ಕೆಲಸ ಮಾಡಿದ್ದೆ. ಅಡ್ಡ ಬರುತ್ತದೆಂದು ಗದರಿಯೂ ಇದ್ದೆ.

ಮಾರ್ಚ್ 13

ರಕ್ತದ ವರದಿ ಬಂತು. ಬಿ-12 ಪಾತಾಳದಲ್ಲಿದೆ. ವೈದ್ಯರು ಇಂಜೆಕ್ಷನ್ ಶುರು ಮಾಡಿದ್ದಾರೆ.

ಮಾರ್ಚ್ 29

ಉರಿ ಹೋಯಿತು. ಪ್ರೊಫೆಸರ್ ಎದುರೇ ಅಜ್ಜಿ "ಆರಾಮ" ಎಂದರು. ಸಹಿಗೆಂದು ಸರ್ ಪೆನ್ನು ತೆಗೆದರು. ಅಜ್ಜಿ ಖುಷಿಯಿಂದ ನಕ್ಕರು — ಮೇಲಿನ ಸೆಟ್ ಕಳಚಿ ಮಡಿಲಿಗೆ ಬಿತ್ತು.

"ನಾನೇ ಸೊರಗಿಬಿಟ್ಟೆ, ಅದಕ್ಕೇ ನಿಲ್ತಿಲ್ಲ" ಎಂದು ತಪ್ಪನ್ನು ತಾವೇ ಹೊತ್ತರು.

"ವಯಸ್ಸಾದವರಿಗೆ ಸಹಜ. ಅಂಟಿನ ಪುಡಿ ಬರೆದುಕೊಡು, ಸಹಿ ಹಾಕ್ತೀನಿ" ಎಂದರು ಪ್ರೊಫೆಸರ್.

ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲಾಗಲಿಲ್ಲ.

"ಇಲ್ಲ ಸರ್. ಅವರ ಬಾಯಿ ಸರಿಯಾಗಿದೆ. ನಾಲಿಗೆ ನೋಡದೆ ಸೆಟ್ಟಿನ ಅಂಚನ್ನು ನಾನೇ ತೇಯ್ದು ಹಾಳುಮಾಡಿದೆ."

"ಹಾಗಾದ್ರೆ ಹೊಸ ಸೆಟ್ ಆದ ಮೇಲೇ ಸಹಿ." ಪೆನ್ನು ಜೇಬಿಗೆ ಹೋಯಿತು.

ಮಾರ್ಚ್ 30, ಬೆಳಿಗ್ಗೆ 8

ಪರೀಕ್ಷೆಗೆ ಒಂಬತ್ತು ದಿನ. ಹೊಸ ಸೆಟ್ಟಿಗೆ ಐದು ಭೇಟಿ ಬೇಕು, ಒಂದು ಭೇಟಿಗೂ ಇನ್ನೊಂದಕ್ಕೂ ಮಧ್ಯೆ ಲ್ಯಾಬಿನ ಕೆಲಸಕ್ಕೆ ಒಂದು ದಿನ. ನಡುವೆ ಎರಡು ದಿನ ರಜೆ. ಹೇಗೆ ಎಣಿಸಿದರೂ ಕೂಡಿಬರುತ್ತಿಲ್ಲ. ಸಿಟ್ಟು ಯಾರ ಮೇಲೆಂದು ಇಲ್ಲಿ ಬರೆದಿಡೋಣವೆಂದರೆ, ಅಜ್ಜಿ ಆಗಲೇ ಬಂದು, ಕರೆಯುವ ಮೊದಲೇ ಕುರ್ಚಿ ಹತ್ತಿ, ಬಾಯಿ ತೆರೆದು—