ಮೊದಲನೆಯ ಸಾಕು

ಸಿಂದಗಿ
೧೪ ನವೆಂಬರ್ ೨೦೨೪

ತಮ್ಮ ಅನೀಲಕುಮಾರನಿಗೆ ಅಕ್ಕ ಸುನಂದಾಳ ಆಶೀರ್ವಾದ.

‘ಪ್ರೀತಿಯ’ ಎಂಬ ಮಾತನ್ನು ಬೇಕಂತಲೇ ಬಿಟ್ಟಿದ್ದೇನೆ, ಮರೆತಲ್ಲ. ನಿನ್ನ ಶುಗರ್ ಈಗ ಎಷ್ಟಿದೆ? ಆಲಮಟ್ಟಿಯಲ್ಲಿ ಕಾಲುವೆ ಗೇಟಿನ ಪಾಳಿ ಹಗಲಿನದೋ ರಾತ್ರಿಯದೋ? ಗುಳಿಗೆ ತಪ್ಪಿಸಬೇಡ. ನಾನು ಆರಾಮ ಇದ್ದೇನೆ, ಕಾಲಿಗೆ ಚಪ್ಪಲಿ ಕಚ್ಚಿದ್ದೊಂದು ಬಿಟ್ಟರೆ. ಇಷ್ಟು ಕೇಳುವುದು ಹೇಳುವುದು ಹಿರಿಯಳ ಕೆಲಸ, ಮುಗಿಯಿತು. ಇನ್ನು ಮುಂದಿನದೆಲ್ಲ ಬೈಗುಳ. ಫೋನಿನಲ್ಲಿ ಬೈದರೆ ‘ದೇವರು ನಿನಗ ಒಳ್ಳೇದು ಮಾಡ್ಲಿ ಅಕ್ಕಾ’ ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ.

ಗೊಳಸಂಗಿಗೆ ಕೊಟ್ಟ ನನ್ನ ಮಗಳು ರಾಜಶ್ರೀಗೆ ಏಳು ತಿಂಗಳು ತುಂಬಿವೆ. ಬರುವ ಇಪ್ಪತ್ತೆರಡಕ್ಕೆ ನಮ್ಮ ಮನೆಯಲ್ಲಿ ಕುಬಸ. ಸೋದರಮಾವ ಹಸಿರು ಸೀರೆ ತರಬೇಕು, ಬಳಗದ ಎದುರು ಕುಳಿತು ಉಣ್ಣಬೇಕು. ಅವಳಿಗಿರುವ ಸೋದರಮಾವ ನೀನೊಬ್ಬನೇ. ಬಡಿಸಿದ್ದನ್ನು ಉಂಡು ತಾಟು ಖಾಲಿ ಮಾಡುವುದಿದ್ದರೆ ಬಾ. ಹೋದ ತಿಂಗಳು ಮಾಡಿದಂತೆ ಮಾಡುವುದಿದ್ದರೆ ಸೀರೆಯನ್ನು ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸು, ಮಾವ ಗೇಟು ಬಿಟ್ಟು ಬರುವಂತಿಲ್ಲ ಎಂದು ನಾನೇ ಸುಳ್ಳು ಹೇಳಿಕೊಳ್ಳುತ್ತೇನೆ.

ಹೋದ ತಿಂಗಳದ್ದು ನಿನಗೆ ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. ನೀನು ಫೋನ್ ಮಾಡಿ, ‘ಅಕ್ಕಾ, ದೇವರ ದಯಾದಿಂದ ನನಗ ಶಮೆದಮೆ ಬಂದೈತಿ’ ಅಂದೆ. ನನ್ನ ಖಾನಾವಳಿಯಲ್ಲಿ ಹದಿನೆಂಟು ಮಂದಿ ಊಟಕ್ಕೆ ಕುಳಿತಿದ್ದರು, ಹಿಂದೆ ಮಿಕ್ಸರ್ ತಿರುಗುತ್ತಿತ್ತು. ನನಗೆ ಕೇಳಿಸಿದ್ದು ದಮ್ಮು. ಅಪ್ಪ ದಮ್ಮಿನಿಂದಲೇ ಹೋದವನು, ಯಂಕಂಚಿಯ ಆ ಪಡಸಾಲೆಯಲ್ಲಿ ಅವನು ಉಸಿರಿಗೆ ಬಾಯಿ ತೆರೆದು ಕುಳಿತದ್ದನ್ನು ನೋಡಿದವಳು ನಾನು. ದಮ್ಮು ಬಂದರೂ ದೇವರ ದಯೆ ಅನ್ನುವಂಥ ಮಂದಿ ನಿಮ್ಮ ಪ್ರಾರ್ಥನೆಯವರು ಎಂದು ಅದನ್ನೂ ನಂಬಿದೆ. ಮುದ್ದೇಬಿಹಾಳದ ಸಣ್ಣವ್ವನಿಗೆ ಹೇಳಿದೆ, ಅವಳು ಊರಿಗೆಲ್ಲ ಹೇಳಿದಳು. ಆಡುಸೋಗೆ ಸೊಪ್ಪು ತರಿಸಿ ಕಷಾಯ ಕುದಿಸಿದೆ. ನೀನು ಬಂದು ಬಾಗಿಲಲ್ಲಿ ನಿಂತಾಗ ಇಪ್ಪತ್ತೆರಡು ಕಿಲೋ ಇಳಿದಿದ್ದೆ, ಅಂಗಿ ಬೇರೆಯವರದ್ದು ತೊಟ್ಟಂತಿತ್ತು. ಕೂಡಲೇ ಕಷಾಯದ ಲೋಟ ಕೈಗಿಟ್ಟೆ. ಅದು ರೋಗವಲ್ಲ, ಬಾಯಿ ಹಿಡಿಯುವುದಕ್ಕೆ ನಿಮ್ಮ ಬೈಬಲ್ಲಿನಲ್ಲಿರುವ ಹೆಸರು ಎಂದು ನೀನು ಹೇಳುವ ಹೊತ್ತಿಗೆ ಕಷಾಯ ಕುಡಿದಾಗಿತ್ತು.

ಆಮೇಲೆ ಕೂರಿಸಿ ಬಡಿಸಿದೆ. ಎಣ್ಣೆಗಾಯಿ, ಹಿಟ್ಟಿನ ಪಲ್ಯ, ನಿನಗೆ ಸೇರುವ ಇಂಡಿ ನಿಂಬೆಯ ಉಪ್ಪಿನಕಾಯಿ, ಶೇಂಗಾ ಹೋಳಿಗೆ. ಎರಡು ರೊಟ್ಟಿ, ಒಂದು ಹೋಳಿಗೆ ತಿಂದು ‘ಸಾಕಕ್ಕಾ’ ಅಂದೆ. ನಮ್ಮಲ್ಲಿ ಮೊದಲನೆಯ ಸಾಕು ಲೆಕ್ಕಕ್ಕಿಲ್ಲ, ಅದು ನಿನಗೆ ಗೊತ್ತು. ಎರಡನೆಯದು ಮರ್ಯಾದೆಗೆ. ಮೂರನೆಯ ಸಲ ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬಿಟ್ಟು ನಿಲ್ಲಿಸುತ್ತೇವೆ. ಇಪ್ಪತ್ತಾರು ವರ್ಷ ಖಾನಾವಳಿ ನಡೆಸಿದ್ದೇನೆ, ಒಂದೇ ಸಾಕಿಗೆ ಕೈ ಹಿಂದೆ ತೆಗೆದವಳಲ್ಲ. ಇನ್ನೊಂದು ಹೋಳಿಗೆ ಹಾಕಿದೆ. ನೀನು ಕಣ್ಣು ಮುಚ್ಚಿದೆ, ತುಟಿ ಅಲುಗಿದವು, ತಂಬಿಗೆ ಎತ್ತಿ ಆ ಹೋಳಿಗೆಯ ಮೇಲೆಯೇ ಕೈ ತೊಳೆದೆ. ಗಿರಾಕಿಗಳೆಲ್ಲ ನೋಡುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದ ಶಮಶಾದಬಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ನನ್ನ ಹೋಳಿಗೆ ಅರಿಸಿನ ನೀರಿನಲ್ಲಿ ತೇಲುತ್ತಿತ್ತು.

‘ನಿನ್ನ ಮ್ಯಾಲೆ ಸಿಟ್ಟಿಲ್ಲಕ್ಕಾ. ಇದೊಂದು ತಿಂದ್ರ ಮತ್ತ ನನ್ನ ಕೈ ನಿಲ್ಲಂಗಿಲ್ಲ’ ಅಂದೆ. ‘ನಾ ಮಾಡಿದ ಅಡಗಿಗೆ ನೀರು ಹಾಕಿದಿ, ಇನ್ನ ಈ ಹೊಸ್ತಲಾ ತುಳೀಬ್ಯಾಡ’ ಅಂದೆ ನಾನು. ಅಂದದ್ದು ಅಂದದ್ದೇ. ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ.

ಆಮೇಲೆ ನಿನ್ನ ನಾಲ್ಕು ಪುಟದ ಕಾಗದ ಬಂತು. ಆತ್ಮದ ಫಲಗಳು ಒಂಬತ್ತಂತೆ, ಶಮೆದಮೆ ಒಂಬತ್ತನೆಯದಂತೆ, ಎಲ್ಲಕ್ಕಿಂತ ಕಷ್ಟದ್ದು ಎಂದು ಅದನ್ನು ಕಡೆಗೆ ಇಟ್ಟಿದ್ದಾರೆಂದು ನಿಮ್ಮ ಪ್ರಾರ್ಥನಾ ಮಂದಿರದ ಹಿರಿಯರು ಹೇಳಿದರಂತೆ. ನಾನು ಪಂಕ್ತಿಯಲ್ಲಿ ಕಡೆಗೆ ಬಡಿಸುವುದು ಮಜ್ಜಿಗೆ, ಅದನ್ನು ಕುಡಿಯಲು ಯಾರಿಗೂ ಕಷ್ಟವಾದದ್ದು ನೋಡಿಲ್ಲ. ಮುಂದೆ ನೀನು, ಹಸಿವೆಯೇನೂ ಹೋಗಿಲ್ಲ, ಪಾಳಿ ಮುಗಿಸಿ ಬರುವಾಗ ಭಜಿ ಗಾಡಿಯ ಮುಂದೆ ಈಗಲೂ ಕಾಲು ನಿಲ್ಲುತ್ತದೆ, ಎಷ್ಟೋ ದಿನ ಸೋಲುತ್ತೇನೆ, ಸೋತದ್ದನ್ನು ಯೇಸುವಿನ ಮುಂದೆ ಇದ್ದಂತೆ ಹೇಳುತ್ತೇನೆ, ಅವನು ಬೈಯುವುದಿಲ್ಲ, ಮರುದಿನ ಮತ್ತೆ ತಾಟಿನ ಮುಂದೆ ಕೂರುತ್ತೇನೆ ಎಂದು ಬರೆದಿದ್ದೀ. ಬೈಯದವರು ಬೇಕಾಗಿದ್ದರೆ ನನಗೆ ಹೇಳಬಹುದಿತ್ತು. ಹತ್ತು ವರ್ಷ ನಾನು ಅತ್ತೆ, ಡಾಕ್ಟರರು ಹೆದರಿಸಿದರು, ನಿನ್ನ ಹೆಂಡತಿ ಭಾಗ್ಯಜ್ಯೋತಿ ತವರಿಗೆ ಹೋಗಿ ಕುಳಿತಳು, ನೀನು ಬಾಯಿ ಹಿಡಿಯಲಿಲ್ಲ. ನಿನ್ನ ಯೇಸು ಒಂದು ಮಾತೂ ಆಡದೆ ಹಿಡಿಸಿದ. ಅದೇ ನನಗೆ ತಡೆಯಲಾಗದ್ದು. ಒಂದು ಕೈಯಿಂದ ಕಣ್ಣೀರು ಒರೆಸಿಕೊಂಡು ಇನ್ನೊಂದು ಕೈಯಿಂದ ಬಡಿಸುತ್ತಿದ್ದಿ ಅಕ್ಕಾ ಎಂದು ನೀನು ಬರೆದದ್ದು ನಿಜ, ಆದರೆ ಬರೆಯಬೇಕಾಗಿರಲಿಲ್ಲ.

ಶಮಶಾದಬಿಗೆ ಓದಿ ಹೇಳಿದೆ, ಅವಳಾದರೂ ನನ್ನ ಕಡೆ ಮಾತಾಡುತ್ತಾಳೆಂದು. ಅವಳು ರೊಟ್ಟಿ ತಿರುವಿ ಹಾಕುತ್ತ, ‘ಅಕ್ಕಾರ, ಅವತ್ತು ನೀವು ಹೋಳಿಗಿ ಹಾಕಿದ್ದು ಪ್ರೀತಿಗಲ್ರಿ, ಗೆಲ್ಲಾಕ’ ಅಂದಳು. ಎರಡು ದಿನ ಅವಳೊಡನೆ ಮಾತು ಬಿಟ್ಟೆ. ನೀನೇ ಹೇಳು, ಅವ್ವ ಹೋದಾಗ ನಿನಗೆ ಆರು, ನನಗೆ ಹದಿನಾಲ್ಕು. ತಲೆ ಬಾಚಲು ಬರುತ್ತಿರಲಿಲ್ಲ, ಪಾಠ ಹೇಳಿಕೊಡಲು ಬರುತ್ತಿರಲಿಲ್ಲ, ಬರುತ್ತಿದ್ದದ್ದು ರೊಟ್ಟಿ ಒಂದೇ. ಊರವರು ನಿನ್ನನ್ನು ‘ಹನ್ನೆರಡು ರೊಟ್ಟಿ ಅನೀಲ’ ಎಂದು ಕರೆದು ನಗುವಾಗ ನೀನು ಅಳುತ್ತಿದ್ದೆ, ನಾನು ಹೆಮ್ಮೆಪಡುತ್ತಿದ್ದೆ. ಹನ್ನೆರಡೂ ನಾನು ಬಡಿದವು. ಖಾನಾವಳಿ ಹಾಕಲು ಧೈರ್ಯ ಬಂದದ್ದೂ ಅದರಿಂದಲೇ. ಈಗ ನೀನು ಎರಡಕ್ಕೆ ಎದ್ದು ಹೋದರೆ ಉಳಿದ ಹತ್ತನ್ನು ನಾನು ಎಲ್ಲಿಡಲಿ?

ಭಾಗ್ಯಜ್ಯೋತಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಹಿರಿಯರಿಗೆ ನಮಸ್ಕಾರ ಹೇಳಬೇಡ. ನಿನ್ನ ದೇವರಿಗೆ ಬೇಕಾದರೆ ಹೇಳು, ನನ್ನ ಜಗಳ ಅವನ ಜೊತೆಗಲ್ಲ, ನಿನ್ನ ಜೊತೆಗೆ.

ಇನ್ನೂ ಸಿಟ್ಟಿನಲ್ಲಿಯೇ ಇರುವ
ನಿನ್ನ ಅಕ್ಕ
ಸುನಂದಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಚಪ್ಪಲಿ ಕಚ್ಚಿದ್ದು ಐದು ವಾರವಾದರೂ ಮಾಯ್ದಿಲ್ಲ. ನಿನ್ನೆ ಡಾಕ್ಟರರು ನೋಡಿ, ನನಗೂ ನಿನ್ನದೇ ಶುಗರ್, ಬಾಯಿ ಹಿಡಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಅಂದರು. ನಾನು ಕುಳಿತು ಉಂಡದ್ದನ್ನು ಯಾರು ನೋಡಿದ್ದಾರೆ? ಬಡಿಸುತ್ತ ಒಂದು, ಒಲೆಯ ಮುಂದೆ ನಿಂತು ಅರ್ಧ, ಉಳಿದದ್ದು ಕೆಡಬಾರದೆಂದು ಮತ್ತೆರಡು. ಊರಿನವರ ರೊಟ್ಟಿ ಎಣಿಸುವ ನಾನು ನನ್ನವನ್ನು ಎಣಿಸಿರಲಿಲ್ಲ. ಶಮಶಾದಬಿಗೆ ಹೇಳಿ ಇವತ್ತು ಗೋಡೆಗೆ ಇದ್ದಿಲಿನ ಗೆರೆ ಹಾಕಿಸಿದೆ. ಹದಿನಾಲ್ಕು. ನಿನಗಿಂತ ಎರಡು ಹೆಚ್ಚು. ಸಾಕು ಅಂತ ನಾನೂ ಅಂದುಕೊಳ್ಳುತ್ತೇನೆ, ಆದರೆ ಬಡಿಸುವವಳೂ ನಾನೇ, ಮೊದಲನೆಯ ಸಾಕು ಕೇಳುವ ರೂಢಿ ನನಗಿಲ್ಲ. ಇಪ್ಪತ್ತೆರಡಕ್ಕೆ ಬರಬೇಡ, ಇಪ್ಪತ್ತಕ್ಕೇ ಬಾ. ನನ್ನ ಮಗ್ಗುಲಿಗೆ ಕೂರು, ಎರಡೇ ತಿನ್ನು, ನಾನು ಏನೂ ಅನ್ನುವುದಿಲ್ಲ. ಕಣ್ಣು ಮುಚ್ಚಿ ಕೇಳಿಕೊಳ್ಳಲು ನನಗೆ ಬರುವುದಿಲ್ಲ, ನನ್ನ ಪಾಲಿನದೂ ನೀನೇ ಕೇಳು. ನಾನು ಒಂದು ಸಲ ಸಾಕು ಅಂದ ಕೂಡಲೇ ತಂಬಿಗೆ ಎತ್ತಿ ನನ್ನ ತಾಟಿಗೆ ನೀರು ಹಾಕು. ಬೈದರೆ ಬೈಸಿಕೋ.