ಹತ್ತಿರ ತರುವ ಮಾತು

ತಾರೀಖು ಹನ್ನೊಂದು, ಮಂಗಳವಾರ.

ಮೊಮ್ಮಗಳು ಗಂಡನ ಮನೆ ಬಿಟ್ಟು ಬಂದಾಗಿನಿಂದ ಸೊಸೆಯದು ಒಂದೇ ಜಪ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗೇ."

"ಅಷ್ಟಕ್ಕೂ ಆ ಇಂಗ್ಲಿಷ್ ಮಾತಿನ ಅರ್ಥ ಏನೇ?" ಎಂದು ಸಂಜೆ ಹುಡುಗಿಯನ್ನು ಕೇಳಿದೆ. ಅವಳು ಫೋನಿನಲ್ಲಿ ಹುಡುಕಿದಳು.

"ಮೂಲದಲ್ಲಿ ಹತ್ತಿರ ತರೋದು ಅಂತ, ಅಜ್ಜಿ. ಆಮೇಲೆ ಹೊಂದಿಸೋದು ಅಂತಾಯ್ತು."

"ನಿನ್ನ ಗಂಡ ಎಷ್ಟು ಹತ್ತಿರ ಬಂದ?"

"ಒಂದು ಫೋನೂ ಮಾಡಿಲ್ಲ."

ಸೊಸೆಗೆ ಹೇಳಿದೆ: "ಕೇಳಿದ್ಯೇನಮ್ಮಾ? ಬಸ್ಸಲ್ಲಿ ಸೀಟು ಅಡ್ಜಸ್ಟ್ ಮಾಡೋವಾಗ ಎಲ್ಲರೂ ಒಂದೊಂದು ಗೇಣು ಸರೀತಾರೆ. ಒಬ್ಬಳನ್ನೇ ಕಿಟಕಿಯಿಂದ ಆಚೆ ತಳ್ಳಲ್ಲ."

ಸೊಸೆ ಕಣ್ಣೊರೆಸಿಕೊಂಡಳು. ಪಾಪ, ಅವಳನ್ನೂ ಅವಳ ತಾಯಿ 'ಅಡ್ಜಸ್ಟ್ ಮಾಡ್ಕೋ' ಅಂತಲೇ ಹೇಳಿ ಈ ಮನೆಗೆ ಕಳಿಸಿದ್ದಳು.

ಈಗ ಹುಡುಗಿ ಕೈಕಾಲು ಚೆಲ್ಲಿ ನನ್ನ ಮಂಚವನ್ನೆಲ್ಲ ತುಂಬಿಕೊಂಡಿದ್ದಾಳೆ. ನಾನು ಗೋಡೆಗೆ ಅಂಟಿಕೊಂಡು ಬರೆಯುತ್ತಿದ್ದೇನೆ. ಇದೋ, ಸೊಸೆಯೂ ದಿಂಬು ಹಿಡಿದು ಬಂದಳು.

"ಅವಳು ಈ ಮನೇಲೇ ಇರ್ಲಿ, ಅತ್ತೆ. ಸ್ವಲ್ಪ ಸರೀರಿ."

ಎಲ್ಲಿಗೆ ಸರಿಯಲಿ, ಗೋಡೆಯೊಳಕ್ಕೇ? ಆದರೂ ಒಂದು ಗೇಣು ಸರಿದೆ.