ಸೈರಾಳ ಬೆನ್ನು ಮತ್ತು ಗಡಿಕಲ್ಲು

ಅಕ್ಕಾ, ಅಥೆನ್ಸಿನಿಂದ ನಿನ್ನ ತಮ್ಮ ಯೂಕ್ಟೆಮೊನ್ ಬರೆಯುವುದು.

ಪಕ್ಕದ ಹೊಲದ ನಿಕೋಡೆಮೊಸ್ ತಾನು ಕಿತ್ತ ಗಡಿಕಲ್ಲನ್ನು ಮೊದಲಿನ ಜಾಗದಲ್ಲೇ ನೆಡುವುದಾಗಿ ಮಾತು ಕೊಟ್ಟಿದ್ದ. ಇಲ್ಲಿ ಪಂಚಾಯ್ತಿಗೆ ಬಂದ ಮೇಲೆ ಕಲ್ಲು ಕಿತ್ತೇ ಇಲ್ಲ ಅಂದ. ಕಿತ್ತದ್ದನ್ನು ಕಂಡ ನಮ್ಮ ದಾಸಿ ಸೈರಾಳ ಮಾತು ಕೇಳುತ್ತೇನೆಂದು ಪಂಚಾಯ್ತಿಯ ಹಿರಿಯ ಹೇಳಿದ್ದ. ಅವಳು ಬಾಯಿ ತೆರೆದಾಗ ಕೈಯೆತ್ತಿ ತಡೆದ. ದಾಸಿಯ ಮಾತು ಚಾವಟಿ ಏಟು ಬಿದ್ದ ಮೇಲೆ ಮಾತ್ರ ಸಾಕ್ಷಿಯಂತೆ. ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

“ಹೊಡೀದೇ ಇದ್ರೂ ಹೇಳ್ತೀನಲ್ಲ ಸ್ವಾಮಿ, ಕಲ್ಲು ಅಂಜೂರದ ಬುಡದಲ್ಲಿತ್ತು,” ಅಂದಳು ಸೈರಾ.

“ಏಟಿಗೆ ಕೊಡ್ತೀಯೇನಯ್ಯ ಇವಳನ್ನ?” ನಿಕೋಡೆಮೊಸ್ ನಮ್ಮಣ್ಣನನ್ನು ಕೇಳಿದ.

ಅಣ್ಣ ಒಪ್ಪಿಬಿಟ್ಟ, ಅಕ್ಕಾ. ನಮ್ಮ ಮೂವರಿಗೂ ಹಾಲು ಕುಡಿಸಿದವಳನ್ನು. ಕೈಕಾಲು ಮುರಿದರೆ ನಿಕೋಡೆಮೊಸ್ ನಷ್ಟ ಕಟ್ಟಿಕೊಡಬೇಕೆಂದು ಒಪ್ಪಂದದ ಪತ್ರದಲ್ಲಿ ಬರೆಸಿದ, ಅಷ್ಟೇ.

“ಅವಳಲ್ಲಿ ಅರ್ಧ ಪಾಲು ನಂದು. ನಾನು ಕೊಡಲ್ಲ,” ಅಂದೆ.

“ಹಂಗಾದ್ರೆ ನಿನ್ನರ್ಧ ಬಿಟ್ಟು ನಿಮ್ಮಣ್ಣನ ಅರ್ಧಕ್ಕೆ ಹೊಡೀತೀವಿ ಬಿಡು,” ಅಂದ ನಿಕೋಡೆಮೊಸ್. ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

ಇಲ್ಲಿಗೆ ಬಂದಾಗಿನಿಂದ ಕಾಡಿದ ಜ್ವರ ನನಗೆ ಬಿಟ್ಟಿದೆ. ಸೈರಾ ಮಾತ್ರ ಗಂಜಿ ಮುಟ್ಟುತ್ತಿಲ್ಲ. ನನ್ನ ಮಾತು ನಿಲ್ಲಬೇಕಾದರೆ, ಹಿರಿಯನ ಮುಂದೆ ನಾನು ಮತ್ತೆ ಕೊಡುವುದಿಲ್ಲ ಎನ್ನುವಾಗ ಪಕ್ಕದಲ್ಲಿ ನಿಂತು ಕೇಳಿದೆನೆಂದು ಸಾಕ್ಷಿ ಹೇಳುವ ಗಂಡಸೊಬ್ಬ ಬೇಕು. ಇಲ್ಲಿ ಯಾರೂ ಒಪ್ಪುತ್ತಿಲ್ಲ. ಭಾವನನ್ನು ಈಗಲೇ ಹೊರಡಿಸು. ಗಡಿಯ ಆ ಅಂಜೂರದ ತೋಟ ಅವನಿಗೆ ಹೋದರೆ ಹೋಗಲಿ. ಈ ಸೀಸದ ತಗಡಿನಲ್ಲಿ ಇನ್ನು ಬರೆಯಲು ಜಾಗವಿಲ್ಲ. ಚಾವಟಿಯವನು ಬರುವುದು ನಾಡಿದ್ದು, ಹೊತ್ತು ಹುಟ್ಟುವಾಗ, ಹೆಫೈಸ್ಟೊಸ್ ಗುಡಿಯ ಮುಂದೆ.